ತುಂಬು ಬಾಳು ಬಾಳಿದವರಿಗಾಗಿಯೂ ಅಳಬಹುದು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಕುಟುಂಬದವರ ಒಪ್ಪಿಗೆ ಇದೆ.)

ನನ್ನ ಬಳಿ ಆಪ್ತಸಮಾಲೋಚನೆಗೆ ಬಂದ ಮಹಿಳೆಗೆ 53 ವರ್ಷ. ತಾಯಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ತಾಯಿಗೆ 91 ತುಂಬಿತ್ತು. ಕೂತ ಕೂಡಲೇ ಅವರು ಕೇಳಿದ್ದು ಇದನ್ನೇ: “ಮೇಡಂ, ತೊಂಬತ್ತು ದಾಟಿದವರು ಹೋದರೆ ಯಾರಾದರೂ ಇಷ್ಟು ಅಳ್ತಾರಾ? ನನಗೇ ಏನೋ ಆಗಿದೆ ಅನ್ನಿಸುತ್ತೆ.”

ಈ ಅನುಮಾನ ತಾನಾಗಿ ಹುಟ್ಟಿದ್ದಲ್ಲ. ಮಾತಾಡಿಸಲು ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ “ತುಂಬು ಜೀವನ, ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕಂಡರು, ಪುಣ್ಯವಂತರು” ಎಂದು ಹೇಳಿ ಹೋಗಿದ್ದರು. ಅದನ್ನು ಕೇಳಿ ಕೇಳಿ ಇವರಿಗೆ ತಾವು ಅಳುವುದೇ ತಪ್ಪು ಎನ್ನಿಸಿಬಿಟ್ಟಿತ್ತು. ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅಳುತ್ತಿದ್ದರು.

ನಾನು ಕೇಳಿದೆ: “ನಿಮ್ಮನ್ನು 53 ವರ್ಷದಿಂದ ಬಲ್ಲವರು ಇನ್ನು ಯಾರಿದ್ದಾರೆ?” ಸ್ವಲ್ಪ ಹೊತ್ತು ಯೋಚಿಸಿದರು. ಗಂಡ, ಮಗಳು, ಸ್ನೇಹಿತರು, ಎಲ್ಲರೂ ಆಮೇಲೆ ಬಂದವರು. ತಮ್ಮನೂ ಆಮೇಲೆ ಹುಟ್ಟಿದವನು. ತಾಯಿಗೆ ವಯಸ್ಸಾದಷ್ಟೂ ಆ ನಂಟಿಗೂ ವಯಸ್ಸಾಗಿರುತ್ತದೆ. ತುಂಬು ಬಾಳು ಎಂಬ ಮಾತಿನಿಂದ ಸ್ವಲ್ಪ ಸಮಾಧಾನ ಸಿಗಬಹುದು. ಆದರೆ ಅಷ್ಟು ವರ್ಷ ಜೊತೆಗಿದ್ದವರು ಇಲ್ಲ ಅನ್ನುವುದು ಅದರಿಂದ ಕಡಿಮೆಯಾಗುವುದಿಲ್ಲ.

ಆಮೇಲೆ ನಿಜವಾದ ತೊಡಕು ಹೊರಗೆ ಬಂತು. ಅಮ್ಮನ ನೆನಪಿಗೆ ಮನೆಯವರೆಲ್ಲ ಸೇರಿ ಒಂದು ಚಿಕ್ಕ ಪುಸ್ತಕ ಮಾಡಬೇಕೆಂದಿದ್ದರು. ಬರೆಯುವ ಕೆಲಸ ಇವರ ಪಾಲಿಗೆ ಬಂದಿತ್ತು. “ತ್ಯಾಗಮಯಿ, ಕರುಣಾಮಯಿ, ತನಗಾಗಿ ಏನನ್ನೂ ಬಯಸದ ಜೀವ” ಎಂದು ಒಂದು ಪುಟ ಬರೆದು ನಿಲ್ಲಿಸಿದ್ದರು. “ಇದನ್ನ ಯಾರ ಅಮ್ಮನ ಬಗ್ಗೆ ಬೇಕಾದರೂ ಬರೀಬಹುದು ಮೇಡಂ. ನಮ್ಮಮ್ಮ ಇದರಲ್ಲಿ ಎಲ್ಲೂ ಕಾಣಲ್ಲ. ಕಣ್ಣು ಮುಚ್ಚಿದರೆ ಬರೀ ಹಾಸಿಗೆ ಕಾಣುತ್ತೆ.”

ತಾಯಿ ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಹುಣ್ಣಾಗಬಾರದೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಆ ಕೆಲಸ ನಿಂತು ನಾಲ್ಕು ತಿಂಗಳಾದರೂ ರಾತ್ರಿ ಎರಡಕ್ಕೆ ಇವರಿಗೆ ಎಚ್ಚರವಾಗುತ್ತಿತ್ತು. ಎದ್ದು ಪಕ್ಕದ ಕೋಣೆಯವರೆಗೆ ನಡೆದುಹೋಗಿ, ಲೈಟಿನ ಸ್ವಿಚ್ಚಿಗೆ ಕೈ ಹಾಕಿದ ಮೇಲೆ ನೆನಪಾಗುತ್ತಿತ್ತಂತೆ. ಇನ್ನೊಂದು ಮಾತನ್ನು ತಲೆ ತಗ್ಗಿಸಿಕೊಂಡು ಹೇಳಿದರು. ಅಮ್ಮ ಹೋದ ದಿನ ಎಲ್ಲಕ್ಕಿಂತ ಮೊದಲು ಬಂದ ಯೋಚನೆ, “ಇವತ್ತು ಮಲಗಬಹುದು.”

ಈ ಮಾತಿನ ಮೇಲೆ ನಾವು ಜಾಸ್ತಿ ಹೊತ್ತು ನಿಂತೆವು. ವರ್ಷಗಟ್ಟಲೆ ಆರೈಕೆ ಮಾಡಿದವರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ನಿದ್ದೆಗೆಟ್ಟ ದೇಹ ನಿದ್ದೆ ಕೇಳುತ್ತದೆ. ಅಮ್ಮನ ನರಳಾಟ ಮುಗಿಯಲಿ ಎಂದುಕೊಳ್ಳುವುದು ಅಮ್ಮ ಬೇಡ ಎಂದುಕೊಂಡ ಹಾಗಲ್ಲ. ಎರಡು ವರ್ಷ ನಡುರಾತ್ರಿ ಎದ್ದವರಿಗೆ ಪ್ರೀತಿ ಕಡಿಮೆಯಿತ್ತು ಎಂದು ಯಾರೂ ಹೇಳಲಾರರು.

ಹಾಸಿಗೆಯ ಚಿತ್ರವೇ ಮುಂದೆ ಬರುವುದೂ ಸಹಜ. ಅದು ತೀರಾ ಹತ್ತಿರದ ನೆನಪು, ಭಯ ಮತ್ತು ಸುಸ್ತಿನ ಜೊತೆ ಸೇರಿಕೊಂಡದ್ದು. ಅದನ್ನು ಓಡಿಸಲು ಹೋದರೆ ಇನ್ನೂ ಜೋರಾಗುತ್ತದೆ. ಹಳೆಯ ನೆನಪುಗಳನ್ನು ಒಂದೊಂದಾಗಿ ಪಕ್ಕಕ್ಕೆ ತಂದು ಕೂರಿಸಿದರೆ ಅದರ ಜಾಗ ತಾನಾಗಿ ಚಿಕ್ಕದಾಗುತ್ತದೆ. ಒಬ್ಬರೇ ಕೂತು ಇದನ್ನು ಮಾಡುವುದು ಕಷ್ಟ. “ಅಮ್ಮನನ್ನು ಬೇರೆ ಥರ ಕಂಡವರು ಮನೆಯಲ್ಲಿ ಯಾರಿದ್ದಾರೆ?” ಎಂದೆ. ಮುಂದಿನ ಸಲ ಮಗಳನ್ನು ಕರೆದುಕೊಂಡು ಬಂದರು.

ಹುಡುಗಿಗೆ 22. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಅಜ್ಜಿಯ ಕೈಯಲ್ಲೇ ಬೆಳೆದವಳು. ಮೊದಲು ಮಾತೇ ಆಡಲಿಲ್ಲ. “ಅಜ್ಜಿಗೆ ಯಾವುದರಲ್ಲಿ ಸಿಟ್ಟು ಬರ್ತಿತ್ತು?” ಎಂದು ಕೇಳಿದೆ. “ಇಸ್ಪೀಟಲ್ಲಿ ಸೋತ್ರೆ” ಎಂದಳು.

“ನಮ್ಮಮ್ಮ? ಇಸ್ಪೀಟು?” ಇವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

“ದಿನಾ ಮಧ್ಯಾಹ್ನ ಆಡ್ತಿದ್ವಿ. ಸೋಲೋ ಹಾಗಾದ್ರೆ ಒಂದು ಎಲೆ ತೊಡೆ ಕೆಳಗೆ ಹೋಗ್ತಿತ್ತು. ಕೇಳಿದ್ರೆ, ಕನ್ನಡಕ ಸರಿ ಇಲ್ಲ ಕಣೇ, ಅಂತಿದ್ರು.”

ಇಬ್ಬರೂ ನಕ್ಕರು. ನಗುತ್ತಲೇ ಇವರು ಅಳಲು ಶುರು ಮಾಡಿದರು. ಈ ಸಲದ ಅಳುವೇ ಬೇರೆ. “ನನ್ನ ಜೊತೆ ಒಂದು ದಿನಾನೂ ಆಡಲಿಲ್ಲ. ಹತ್ತು ನಿಮಿಷ ತಡವಾಗಿ ಬಂದರೆ ಬಾಗಿಲಲ್ಲಿ ನಿಂತಿರೋರು. ಒಂದು ಮಾತೂ ಆಡ್ತಿರಲಿಲ್ಲ. ಆ ಮೌನಕ್ಕೆ ಈಗಲೂ ಹೆದರ್ತೀನಿ.”

ಮಗಳು ಕಂಡ ತಾಯಿಯೇ ಬೇರೆ, ಮೊಮ್ಮಗಳು ಕಂಡ ಅಜ್ಜಿಯೇ ಬೇರೆ. ಇದು ಎಷ್ಟೋ ಮನೆಗಳಲ್ಲಿ ಇದ್ದರೂ ಬಾಯಿ ಬಿಟ್ಟು ಹೇಳುವವರು ಕಡಿಮೆ. ನಲವತ್ತೈದರಲ್ಲಿ ಇಡೀ ಸಂಸಾರ ತಲೆ ಮೇಲಿದ್ದ ಹೆಂಗಸಿಗೆ ಮಧ್ಯಾಹ್ನ ಎಂಬುದೇ ಇರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಸಿಕ್ಕ ಮಧ್ಯಾಹ್ನಗಳೆಲ್ಲ ಮೊಮ್ಮಗಳ ಪಾಲಾದವು. ಇದು ಗೊತ್ತಾದರೂ ನೋವು ನೋವೇ. ಸತ್ತವರ ಮೇಲೆ ಮುನಿಸು ಇಟ್ಟುಕೊಳ್ಳಬಾರದು ಎಂದು ನಾನು ಹೇಳಲಿಲ್ಲ. ಮುನಿಸು ಇದ್ದೂ ಪ್ರೀತಿ ಇರಬಹುದು, ಅಲ್ವಾ? ಎರಡನ್ನೂ ಬರೆಯಿರಿ ಎಂದೆ.

ಹುಡುಗಿಗೂ ಹೇಳುವುದಿತ್ತು. “ಎಲ್ಲರೂ ಅಮ್ಮಂಗೆ ಫೋನ್ ಮಾಡ್ತಾರೆ. ನನ್ನನ್ನ, ಅಮ್ಮನ್ನ ಚೆನ್ನಾಗಿ ನೋಡ್ಕೋ ಅಂತಾರೆ.” ಸುತ್ತಲಿನವರು ಗುರುತಿಸದ ಇಂಥ ದುಃಖದ ಬಗ್ಗೆ ಅಮೆರಿಕದ ಶೋಕತಜ್ಞ ಕೆನೆತ್ ಡೋಕಾ 1989ರಲ್ಲೇ ವಿವರವಾಗಿ ಬರೆದಿದ್ದಾರೆ. ‘ಬರೀ ಅಜ್ಜಿ ತಾನೇ’ ಎನ್ನಿಸಿಕೊಳ್ಳುವ ಮೊಮ್ಮಕ್ಕಳ ದುಃಖವೂ ಅಂಥದ್ದೇ. ಸಾಕಿ ಬೆಳೆಸಿದ ಅಜ್ಜಿ ಹೋದರೆ ಆ ಮಗುವಿಗೆ ತಾಯಿಯೊಬ್ಬಳು ಹೋದ ಹಾಗೆ. ದಯವಿಟ್ಟು ಅವರನ್ನೂ ಪ್ರತ್ಯೇಕವಾಗಿ ಮಾತಾಡಿಸಿ.

ಕೊಟ್ಟ ಸಲಹೆಗಳನ್ನು ಹೇಳುತ್ತೇನೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ನಿದ್ದೆಯ ಜೊತೆ ಗುದ್ದಾಡಬೇಡಿ. ಎದ್ದು ಕೂತು, ಅಮ್ಮ ಗಟ್ಟಿಯಾಗಿದ್ದ ದಿನಗಳ ಯಾವುದಾದರೂ ಒಂದು ಕೆಲಸವನ್ನು ಒಂದೇ ಸಾಲಿನಲ್ಲಿ ಬರೆದು ಮತ್ತೆ ಮಲಗಿ. ಸಾಲಿನಲ್ಲಿ ಗುಣದ ಹೆಸರು ಬೇಡ, ಅವರು ಮಾಡಿದ್ದು ಅಥವಾ ಆಡಿದ ಮಾತು ಇರಲಿ. ಆರೈಕೆಯ ಗಡಿಬಿಡಿಯಲ್ಲಿ ನಿಮ್ಮ ತಪಾಸಣೆಗಳನ್ನೆಲ್ಲ ಮುಂದೂಡಿದ್ದೀರಿ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಅಮ್ಮನ ಬಗ್ಗೆ ಯೋಚಿಸದ ಹೊತ್ತೂ ಬೇಕು. ಶೋಕದ ಬಗ್ಗೆ ಸಂಶೋಧನೆ ಮಾಡಿದ ಸ್ಟ್ರೋಬೆ ಮತ್ತು ಶುಟ್ 1999ರಲ್ಲಿ ಹೇಳಿದ್ದು ಇದನ್ನೇ: ಅಗಲಿದವರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಮನಸ್ಸು ಹೋಗಿ ಬರುತ್ತಿರುವುದೇ ಆರೋಗ್ಯ. ಹಾಗಾಗಿ ಸಂಜೆ ಸ್ನೇಹಿತೆಯ ಜೊತೆ ನಕ್ಕು ಬಂದಿದ್ದಕ್ಕೆ ಅಪರಾಧಿ ಭಾವ ಬೇಡ.

ಇವರದ್ದು ಕಾಯಿಲೆಯೇ? ಅಲ್ಲ ಎಂದು ಹೇಳಿದೆ. ಕೆಲಸಕ್ಕೆ ಹೋಗುತ್ತಿದ್ದರು, ಉಣ್ಣುತ್ತಿದ್ದರು, ಜನರ ಜೊತೆ ಬೆರೆಯುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿ 2022ರಿಂದ ಜಾರಿಯಲ್ಲಿದೆ. ದೀರ್ಘಕಾಲದ ಶೋಕವನ್ನು ಗುರುತಿಸಲು ಅದು ಕನಿಷ್ಠ 6 ತಿಂಗಳ ಅವಧಿ ಹೇಳುತ್ತದೆ. ಜೊತೆಗೆ ತೀವ್ರ ಹಂಬಲ ಇಳಿಯದೆ, ದಿನದ ಬದುಕಿಗೆ ದೊಡ್ಡ ಅಡ್ಡಿಯಾಗಿರಬೇಕು. ಅಂಥ ಸ್ಥಿತಿ ಬಂದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಬಂದರೆ, ತಿಂಗಳು ಎಣಿಸುತ್ತಾ ಕೂರದೆ ತಕ್ಷಣ ಮನೋವೈದ್ಯರನ್ನು ಕಾಣಬೇಕು.

“ಅಮ್ಮ ಹೇಳಿದ್ದನ್ನೇ ಹೇಳ್ತಾರೆ ಅಂತ ಎದ್ದು ಹೋಗ್ತಿದ್ದೆ” ಎಂದೂ ಇವರು ನೊಂದುಕೊಂಡರು. ಹಿರಿಯರು ಹಳೆಯದನ್ನು ಮೆಲುಕು ಹಾಕುವುದು ಅರಳುಮರುಳಲ್ಲ, ತಮ್ಮ ಬಾಳನ್ನು ತಾವೇ ತಿರುಗಿ ನೋಡಿಕೊಳ್ಳುವ ಬಗೆ ಎಂದು ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದರು. ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ನಾನು ಕೇಳಿಕೊಳ್ಳುವುದಿಷ್ಟೆ: ಸುಮ್ನೆ ಕೂತು ಕೇಳಿ, ಮಧ್ಯೆ ಒಂದು ಪ್ರಶ್ನೆ ಹಾಕಿ.

ಪುಸ್ತಕ ಈಗ ಅರ್ಧ ಆಗಿದೆ. ತಾಯಿ ಮಗಳು ಸೇರಿ ಬರೆಯುತ್ತಿದ್ದಾರೆ. ಇಸ್ಪೀಟಿನ ಕಳ್ಳಾಟ ಅದರಲ್ಲಿದೆ, ಬಾಗಿಲಲ್ಲಿನ ಮೌನವೂ ಇದೆ. ತಮ್ಮನಿಗೆ ಇದು ಇಷ್ಟವಾಗಿಲ್ಲ. “ಅಮ್ಮನ ಬಗ್ಗೆ ಹೀಗೆಲ್ಲ ಬರೆಯೋದಾ?” ಎಂದನಂತೆ. ಅವನಿಗೆ ನೆನಪಿರುವ ಅಮ್ಮನನ್ನು ಅವನೇ ಬರೆಯಲಿ, ಅವನ ಪುಟವನ್ನು ನೀವು ತಿದ್ದಬೇಡಿ ಎಂದಿದ್ದೇನೆ. ಮುಂದಿನ ವಾರ ಅವನೂ ಬರುತ್ತಾನಂತೆ.