ಟ್ಯೂಬಿನ ಬೆನ್ನ ಮೇಲಿನ ಸಣ್ಣಕ್ಷರ

ಚಿತ್ರ ಬರೆಯುವವರಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: "ಯಾವ ಕಂಪನಿಯದು ಒಳ್ಳೆಯದು?" ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಈ ಸಲ ಒಂದು ಪ್ರಶ್ನೆಗೆ ಮಾತ್ರ ಉದ್ದನೆಯ ಉತ್ತರ. ಉಳಿದವರು ಬೇಸರ ಮಾಡಿಕೊಳ್ಳಬಾರದು. ಕುಂಚ ಹಿಡಿಯುವುದು, ಕಾಗದ ನೆನೆಸಿ ಹಲಗೆಗೆ ಅಂಟಿಸುವುದು ಇತ್ಯಾದಿಯನ್ನು ಇಲ್ಲಿ ಹೇಳುವುದಿಲ್ಲ. ಚಿತ್ರ ಬರೆದು ಬದುಕುವವರಿಗೆ ಅಷ್ಟು ಗೊತ್ತಿರಲೇಬೇಕು.

ಪ್ರಶ್ನೆ: ಮಕ್ಕಳ ಪುಸ್ತಕಗಳಿಗೆ ಜಲವರ್ಣದಲ್ಲಿ ಚಿತ್ರ ಬರೆದುಕೊಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಮುಖಪುಟದ ಮೂಲಚಿತ್ರವನ್ನು ಓದುಗರೊಬ್ಬರು ಕೊಂಡು ಗೋಡೆಗೆ ಹಾಕಿಕೊಂಡಿದ್ದರು. ಮೊನ್ನೆ ನೋಡಿದರೆ ಸಂಜೆಯಾಕಾಶದ ನೇರಳೆಯೆಲ್ಲ ಬರೀ ನೀಲಿ. ಹುಡುಗಿಯ ಕೆನ್ನೆಯ ಗುಲಾಬಿ ಇಲ್ಲವೇ ಇಲ್ಲ. ಬಣ್ಣ ದುಬಾರಿಯದ್ದೇ. ಇನ್ನು ಯಾವ ಕಂಪನಿಯದು ಕೊಳ್ಳಲಿ? ಮೇಲೆ ಸ್ಪ್ರೇ ಹೊಡೆದರೆ ಬಣ್ಣ ಶಾಶ್ವತವಾಗುತ್ತದೆ ಎನ್ನುತ್ತಾರೆ, ನಿಜವೇ?

ಕಂಪನಿ ಬದಲಿಸಿದರೆ ಏನೂ ಆಗುವುದಿಲ್ಲ. ನೀವು ಬದಲಿಸಬೇಕಾದದ್ದು ಟ್ಯೂಬಿನೊಳಗಿನ ವರ್ಣದ್ರವ್ಯವನ್ನು. ಒಂದೇ ಕಂಪನಿಯ ಒಂದೇ ಪೆಟ್ಟಿಗೆಯಲ್ಲಿ ನೂರಾರು ವರ್ಷ ನಿಲ್ಲುವ ನೀಲಿಯೂ ಇರುತ್ತದೆ, ಕಿಟಕಿಯ ಬಳಿ ಕೆಲವೇ ತಿಂಗಳಲ್ಲಿ ಬಿಳುಚುವ ಗುಲಾಬಿಯೂ ಇರುತ್ತದೆ. ಎರಡರ ಮೇಲೂ ಅದೇ ಲಾಂಛನ, ಅದೇ ಚೆಂದದ ಚೀಟಿ. ವ್ಯತ್ಯಾಸ ಕಾಣುವುದು ಟ್ಯೂಬನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದಾಗ ಮಾತ್ರ.

ಅಲ್ಲಿ ಪಿಬಿ 29, ಪಿಆರ್ 83 ಎಂಬಂಥ ಗುರುತುಗಳಿರುತ್ತವೆ. ಪಿ ಎಂದರೆ ಪಿಗ್ಮೆಂಟ್, ಅಂದರೆ ವರ್ಣದ್ರವ್ಯ, ಬಿ ಎಂದರೆ ನೀಲಿ, ಆರ್ ಎಂದರೆ ಕೆಂಪು, ವಿ ಎಂದರೆ ನೇರಳೆ, ವೈ ಎಂದರೆ ಹಳದಿ. ಸಂಖ್ಯೆ ಆ ವರ್ಣದ್ರವ್ಯ ಯಾವುದೆಂದು ಹೇಳುತ್ತದೆ. ಹೆಸರು ಮೋಸ ಮಾಡುತ್ತದೆ, ಸಂಖ್ಯೆ ಮಾಡುವುದಿಲ್ಲ. "ಸ್ಯಾಪ್ ಗ್ರೀನ್" ಎಂಬ ಹೆಸರಿನಲ್ಲಿ ಒಬ್ಬರು ಒಂದು ಮಿಶ್ರಣ ಮಾರಿದರೆ, ಇನ್ನೊಬ್ಬರದು ಬೇರೆಯದೇ ಮಿಶ್ರಣ. ಹೆಸರಿನ ಮುಂದೆ "ಹ್ಯೂ" ಎಂದಿದ್ದರೆ ಸಾಮಾನ್ಯವಾಗಿ ಅದು ಆ ವರ್ಣದ್ರವ್ಯವಲ್ಲ, ಅದರಂತೆ ಕಾಣುವ ಬೇರೊಂದು. ಕೆಟ್ಟದ್ದೇ ಆಗಬೇಕೆಂದಿಲ್ಲ, ಆದರೆ ಒಳಗೆ ಏನಿದೆ ಎಂದು ತಿಳಿದು ಕೊಳ್ಳಿ.

ನಿಮ್ಮ ಚಿತ್ರದಲ್ಲಿ ಆದದ್ದು ನನಗೆ ನೋಡದೆಯೂ ಗೊತ್ತಾಗುತ್ತದೆ. ನೇರಳೆಯನ್ನು ನೀವು ನೀಲಿ ಮತ್ತು ಗುಲಾಬಿ ಬೆರೆಸಿ ಮಾಡಿದ್ದೀರಿ. ಗುಲಾಬಿ ಹೋಯಿತು, ನೀಲಿ ಉಳಿಯಿತು. ವಿನ್ಸೆಂಟ್ ವ್ಯಾನ್‌ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರಕ್ಕೂ ಆದದ್ದು ಇದೇ. ಗೋಡೆ ತಿಳಿ ನೇರಳೆ ಎಂದು ಅವನೇ ತಮ್ಮನಿಗೆ ಪತ್ರದಲ್ಲಿ ಹೇಳಿದ್ದಾನೆ. ಇವತ್ತು ನಾವು ನೋಡುವುದು ನೀಲಿ ಗೋಡೆ. ಬೆರೆಸಿದ್ದ ಕೆಂಪು ಮಾಸಿಹೋಗಿದೆ. ಆ ನೀಲಿ ಗೋಡೆಯನ್ನು ನೋಡಿ ಅವನ ಮನಸ್ಸಿನ ಬಗ್ಗೆ ಪುಟಗಟ್ಟಲೆ ಬರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವನು ಇಟ್ಟ ಬಣ್ಣವೇ ಅದಲ್ಲ.

ಬಣ್ಣ ಮಾಸುವುದಾದರೂ ಹೇಗೆ? ಬೆಳಕು ಬಣ್ಣದ ಅಣುವಿನೊಳಗಿನ ಬಂಧವನ್ನು ಮುರಿಯುತ್ತದೆ. ಮುರಿದ ಅಣು ಬೆಳಕನ್ನು ಮೊದಲಿನಂತೆ ಹೀರುವುದಿಲ್ಲ, ಹಾಗಾಗಿ ಬಣ್ಣವೂ ಇಲ್ಲ. ವರ್ಣದ್ರವ್ಯ ಎಂದರೆ ಕಣಕಣವಾಗಿ ಇರುವ ಪುಡಿ. ಕಣದ ಹೊರಪದರ ಸುಟ್ಟರೂ ಒಳಗಿನದು ಉಳಿಯುತ್ತದೆ. ಡೈ ಹಾಗಲ್ಲ, ನೀರಿನಲ್ಲಿ ಸಕ್ಕರೆಯಂತೆ ಕರಗಿ ಅಣು ಅಣುವೂ ಬೆಳಕಿಗೆ ಮೈಯೊಡ್ಡಿ ನಿಂತಿರುತ್ತದೆ. ಹೊಳೆಹೊಳೆಯುವ ಗುಲಾಬಿಗಳು, ಫ್ಲೋರೆಸೆಂಟ್ ಬಣ್ಣಗಳು, ಆಲ್ಕೋಹಾಲ್ ಮಾರ್ಕರ್‌ಗಳು, ಬಾಟಲಿಯ ದ್ರವ ಜಲವರ್ಣಗಳಲ್ಲಿ ಬಹುಪಾಲು ಡೈಗಳ ಮೇಲೆಯೇ ನಿಂತಿರುವಂಥವು. ಜಲವರ್ಣದಲ್ಲಿ ಅಪಾಯ ಇನ್ನೂ ಹೆಚ್ಚು: ತೈಲದಲ್ಲಿ ಎಣ್ಣೆಯ ಪದರ ಕಣಗಳನ್ನು ಮುಚ್ಚಿಕೊಂಡಿರುತ್ತದೆ, ನಮ್ಮದರಲ್ಲಿ ತೆಳ್ಳನೆ ಗೋಂದು, ಅದರ ಕೆಳಗೆ ಕಾಗದ, ಅಷ್ಟೇ. ಅದೇ ಬಣ್ಣವನ್ನು ದಟ್ಟವಾಗಿ ಹಚ್ಚಿದ ಜಾಗ ಉಳಿದರೂ ನೀರು ಮಾಡಿ ಹಚ್ಚಿದ ಕೆನ್ನೆ ಮೊದಲು ಹೋಗುತ್ತದೆ.

ಇದೇನು ಹೊಸ ವಿಷಯವಲ್ಲ. ಅದೇ 1888ರಲ್ಲಿ ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಏಬ್ನಿ ಎಂಬಿಬ್ಬರು ವಿಜ್ಞಾನಿಗಳು ಜಲವರ್ಣಗಳ ಮೇಲೆ ಬೆಳಕಿನ ಪರಿಣಾಮದ ಕುರಿತು ಸರ್ಕಾರಕ್ಕೆ ವರದಿ ಕೊಟ್ಟರು. ಗಾಜಿನ ಕೊಳವೆಗಳಲ್ಲಿ ಬಣ್ಣ ಹಚ್ಚಿದ ಕಾಗದದ ಪಟ್ಟಿಗಳನ್ನಿಟ್ಟು ಬಿಸಿಲಿಗೆ ಒಡ್ಡಿದ್ದರು. ಗಾಳಿ, ತೇವ ಇದ್ದ ಕೊಳವೆಗಳಲ್ಲಿ ಮಾಸಿದ ಬಣ್ಣಗಳಲ್ಲಿ ಹೆಚ್ಚಿನವು ಗಾಳಿ ತೆಗೆದ ಕೊಳವೆಯಲ್ಲಿ ಮಾಸಲಿಲ್ಲ. ಅಂದರೆ ಬೆಳಕಿನ ಜೊತೆ ಗಾಳಿ, ತೇವವೂ ಸೇರಿದರೆ ಬೇಗ ಕೆಡುತ್ತದೆ. ಮೂಲಚಿತ್ರ ಕೊಳ್ಳುವವರಿಗೆ ಬಿಸಿಲು ಬೀಳುವ ಗೋಡೆಯೂ ಬೇಡ, ತೇವದ ಗೋಡೆಯೂ ಬೇಡ ಎಂದು ಹೇಳುವುದು ಇದಕ್ಕೇ.

ಈಗ ಸ್ಪ್ರೇ ವಿಷಯ. ಒಂದು ಸಲ ಹೊಡೆದರೆ ನೂರು ವರ್ಷ ಗ್ಯಾರಂಟಿ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಅತಿನೇರಳೆ ಕಿರಣ ತಡೆಯುವ ವಾರ್ನಿಷ್ ಆಗಲಿ, ಅದೇ ಗುಣದ ಗಾಜಾಗಲಿ, ಹಾನಿಯನ್ನು ನಿಧಾನ ಮಾಡಬಹುದು. ಆದರೆ ಕಣ್ಣಿಗೆ ಕಾಣುವ ಬೆಳಕೂ ಬಣ್ಣವನ್ನು ತಿನ್ನುತ್ತದೆ. ಅದನ್ನೂ ತಡೆಯಬೇಕೆಂದರೆ ಚಿತ್ರವನ್ನೇ ಮುಚ್ಚಿಡಬೇಕು. ಮಾಸುವ ಬಣ್ಣ ವಾರ್ನಿಷಿನ ಕೆಳಗೂ ಮಾಸುತ್ತದೆ. ಇದನ್ನು ಗೊತ್ತಿದ್ದೂ ಮುಚ್ಚಿಟ್ಟು ಮಾರುವುದು ಕಲಾವಿದರ ದುಡಿಮೆಗೆ ಮಾಡುವ ದ್ರೋಹ. ಡಬ್ಬಿಯ ಮೇಲಿನ "ಆರ್ಕೈವಲ್", "ಪ್ರೊಫೆಷನಲ್" ಎಂಬ ಪದಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಲೆಕ್ಕಕ್ಕೆ ಬರುವುದು ಎಎಸ್‌ಟಿಎಂ ದರ್ಜೆ, ಅಂದರೆ ಆ ಹೆಸರಿನ ಮಾನಕ ಸಂಸ್ಥೆಯ ಅಳತೆಯಲ್ಲಿ ಬಣ್ಣ ಬೆಳಕಿಗೆ ಎಷ್ಟು ತಡೆಯುತ್ತದೆ ಎಂಬ ಗುರುತು. ಒಂದನೆಯ ಮತ್ತು ಎರಡನೆಯ ದರ್ಜೆ ಆದರೆ ಸರಿ, ಅದರಾಚೆಯದು ಮಾರಾಟದ ಮೂಲಚಿತ್ರಕ್ಕೆ ಬೇಡ. ಕೆಲವರು ಅದನ್ನೇ ಬ್ಲೂ ವುಲ್ ಎಂಬ ಇನ್ನೊಂದು ಅಳತೆಯಲ್ಲಿ ಕೊಡುತ್ತಾರೆ, ಅದರಲ್ಲಿ 1 ತೀರಾ ದುರ್ಬಲ, 8 ತೀರಾ ಗಟ್ಟಿ. ಎರಡು ಅಳತೆಗಳ ದಿಕ್ಕು ಉಲ್ಟಾ, ಗೊಂದಲ ಮಾಡಿಕೊಳ್ಳಬೇಡಿ.

ದರ್ಜೆಯನ್ನೂ ನಾನು ಕಣ್ಣುಮುಚ್ಚಿ ಒಪ್ಪುವುದಿಲ್ಲ. ಹಲವು ವರ್ಷದ ಹಿಂದೆ ಒಂದು ಟ್ಯೂಬಿನ ಮೇಲಿನ ಮಾತು ನಂಬಿ ಇಪ್ಪತ್ತು ಚಿತ್ರಗಳ ಒಂದು ಸರಣಿಯನ್ನೇ ಕಳೆದುಕೊಂಡೆ. ಅಂದಿನಿಂದ ಹೊಸ ಬಣ್ಣ ಯಾವುದೇ ಬರಲಿ, ಮೊದಲು ಪಟ್ಟಿ ಮಾಡುತ್ತೇನೆ. ನೀವೂ ಮಾಡಿ. ನೀವು ದಿನಾ ಬಳಸುವ ಕಾಗದದಲ್ಲೇ ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಒಂದು ತುದಿಯಲ್ಲಿ ಬಣ್ಣವನ್ನು ದಟ್ಟವಾಗಿ ಇಟ್ಟು, ನೀರಿನಿಂದ ಎಳೆಯುತ್ತಾ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಉಸಿರಿನಷ್ಟು ತೆಳುವಾಗಿಸಿ. ಒಣಗಿದ ಮೇಲೆ ಪಟ್ಟಿಯನ್ನು ಉದ್ದಕ್ಕೆ ಸೀಳಿ, ಎರಡಕ್ಕೂ ದಟ್ಟ ತುದಿ, ತೆಳು ತುದಿ ಇರುವಂತೆ. ಸಂಖ್ಯೆ ಮತ್ತು ತಾರೀಕನ್ನು ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಬಣ್ಣಕ್ಕಿಂತ ಮೊದಲೇ ಮಾಯವಾಗುವುದನ್ನು ನಾನು ಕಂಡಿದ್ದೇನೆ. ಒಂದು ಸೀಳು ದಪ್ಪ ಪುಸ್ತಕದೊಳಗೆ, ಇನ್ನೊಂದು ಬಿಸಿಲು ಬೀಳುವ ಕಿಟಕಿಯ ಗಾಜಿಗೆ. ಒಂದು ತಿಂಗಳಾದ ಮೇಲೆ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆರು ತಿಂಗಳಾದ ಮೇಲೆ ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೋಡಬೇಕಾದದ್ದು ತೆಳು ತುದಿಯನ್ನು. ನನ್ನ ಡ್ರಾಯರಿನಲ್ಲಿರುವ ಒಂದು ಪಿಆರ್ 83 ಪಟ್ಟಿಯಲ್ಲಿ ದಟ್ಟ ತುದಿ ಇನ್ನೂ ಕೆಂಪಗಿದೆ, ನಡುವೆ ಕಂದು, ತುದಿಯಲ್ಲಿ ಬರೀ ಕಾಗದ. ಎಲ್ಲಿಯವರೆಗೆ ಬಣ್ಣವಿತ್ತು ಎಂದು ತೋರಿಸಲು ಕುಂಚದ ನೀರು ನಿಂತ ಅಂಚಿನ ಗೆರೆಯೊಂದೇ ಸಾಕ್ಷಿ.

ಆ ಪಿಆರ್ 83 ಎಂದರೆ ಅಲಿಜರಿನ್ ಕ್ರಿಮ್ಸನ್. 1868ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಾಯಿತು, ಇನ್ನೂ ಪೆಟ್ಟಿಗೆಗಳಲ್ಲಿ ಮಾರುತ್ತಾರೆ, ಇನ್ನೂ ಶಿಕ್ಷಕರು ಕೊಳ್ಳಿ ಎನ್ನುತ್ತಾರೆ. ಬಿಡಿ ಅದನ್ನು. ಬೆಳಕಿಗೆ ತಡೆಯುವ ಕ್ವಿನಾಕ್ರಿಡೋನ್ ಎಂಬ ವರ್ಣದ್ರವ್ಯಗಳು 1958ರಿಂದ ಮಾರುಕಟ್ಟೆಯಲ್ಲಿವೆ. ಗುಲಾಬಿಗೆ ಪಿವಿ 19 ಸಾಕು, ತುಸು ನೇರಳೆಯತ್ತ ವಾಲುವ ಗುಲಾಬಿ ಬೇಕಿದ್ದರೆ ಪಿಆರ್ 122. ನೇರಳೆಗೆ ಅಲ್ಟ್ರಾಮರೀನ್, ಅಂದರೆ ಪಿಬಿ 29, ಅದಕ್ಕೆ ಪಿವಿ 19 ಬೆರೆಸಿ. ಹಳದಿಯಲ್ಲಿ ಆರಿಯೋಲಿನ್, ಅಂದರೆ ಪಿವೈ 40 ಬಿಟ್ಟು ಪಿವೈ 154 ಹಿಡಿಯಿರಿ. ಪಿವಿ 1 ಕಂಡಲ್ಲಿ ಟ್ಯೂಬು ಕೆಳಗಿಡಿ.

ಚಿತ್ರ ಬರೀ ಅಚ್ಚಿಗೆ ಹೋಗುವುದಾದರೆ ಇಷ್ಟೆಲ್ಲ ಬೇಕಿಲ್ಲ. ಒಣಗಿದ ದಿನವೇ ಸ್ಕ್ಯಾನ್ ಮಾಡಿ, ಮೂಲವನ್ನು ಕತ್ತಲಲ್ಲಿಡಿ. ಆದರೆ ಮೂಲವನ್ನು ಮಾರುವುದಾದರೆ ಅದು ಬೇರೆ ಹೊಣೆ. ಈಗ ನಿಮ್ಮ ಚಿತ್ರ ಕೊಂಡವರಿಗೆ ಆದದ್ದನ್ನು ಇದ್ದಹಾಗೆ ಹೇಳಿ, ಒಳ್ಳೆಯ ಬಣ್ಣದಲ್ಲಿ ಮತ್ತೆ ಬರೆದುಕೊಡಿ. ಮಾಸಿದ ಹಾಳೆಯ ಮೇಲೆಯೇ ಗುಲಾಬಿ ತೇಪೆ ಹಾಕಲು ಹೋಗಬೇಡಿ.

ಪ್ರಶ್ನೆ: ವಿಜ್ಞಾನಿಗಳು ಹೊಸ ನೀಲಿ ಕಂಡುಹಿಡಿದಿದ್ದಾರಂತೆ. ಕೊಳ್ಳಬೇಕೇ?

ಯಿನ್‌ಮಿನ್ ನೀಲಿ, ಸಂಖ್ಯೆ ಪಿಬಿ 86. 2009ರಲ್ಲಿ ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಸ್ ಸುಬ್ರಮಣಿಯನ್ ಅವರ ತಂಡ ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ವಸ್ತುವನ್ನು ಹುಡುಕುತ್ತಾ ಇಟ್ರಿಯಂ, ಇಂಡಿಯಂ, ಮ್ಯಾಂಗನೀಸ್ ಆಕ್ಸೈಡ್‌ಗಳನ್ನು ಕುಲುಮೆಯಲ್ಲಿ ಕಾಯಿಸಿದಾಗ ಹೊರಬಂದದ್ದು ಈ ನೀಲಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಕೆಂಪು ಮಾಡಲು ಹೋಗಿ ಪ್ರಷ್ಯನ್ ನೀಲಿ ಸಿಕ್ಕಿದ್ದೂ ಹೀಗೆಯೇ. ಓದಿ ಸಂತೋಷಪಡಿ, ನಾನೂ ಪಟ್ಟಿದ್ದೇನೆ. ಇಂಡಿಯಂ ದುಬಾರಿ ಲೋಹ, ಆದ್ದರಿಂದ ಬಣ್ಣವೂ ದುಬಾರಿ. ಅಚ್ಚಿಗೆ ಹೋದ ಮೇಲೆ ನಾಲ್ಕು ಶಾಯಿಗಳಲ್ಲಿ ಅದರ ಹೊಳಪು ಉಳಿಯುವುದಿಲ್ಲ. ಪಿಬಿ 29 ಇದೆಯಲ್ಲ, ಅದರಲ್ಲೇ ಕೆಲಸ ಮಾಡಿ.

ಪ್ರಶ್ನೆ: ಸಂಪಾದಕರು 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ, ಕೇಳಿದರು. ಫೈಲಿನಲ್ಲಿ 72 ಇದ್ದದ್ದನ್ನು 300 ಎಂದು ಬದಲಿಸಿ ಕಳಿಸಿದೆ, ಆದರೂ ಮಬ್ಬಾಗಿದೆ ಎನ್ನುತ್ತಾರೆ.

ಆಗಲೇಬೇಕು. ಫೈಲಿನ ಮೇಲಿನ ಸಂಖ್ಯೆ ಬದಲಿಸಿದರೆ ಪಿಕ್ಸೆಲ್ ಹುಟ್ಟುವುದಿಲ್ಲ. ಎಂಟು ಇಂಚು ಅಗಲ, ಹತ್ತು ಇಂಚು ಎತ್ತರದ ಪುಟಕ್ಕೆ 2400 ಅಡ್ಡ, 3000 ಉದ್ದ ಪಿಕ್ಸೆಲ್ ಬೇಕು. ಮತ್ತೆ ಸ್ಕ್ಯಾನ್ ಮಾಡಿ.

ಪ್ರಶ್ನೆ: ಸ್ಫೂರ್ತಿ ಬರುತ್ತಿಲ್ಲ, ಏನು ನೋಡಲಿ?

ಬೇರೆ ಇಲಸ್ಟ್ರೇಟರ್‌ಗಳ ಪುಟಗಳನ್ನು ನೋಡುವುದನ್ನು ಒಂದು ತಿಂಗಳು ನಿಲ್ಲಿಸಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರ ಫೆಬ್ರುವರಿಯಲ್ಲಿ ಮೂರೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಮುಕ್ತವಾಗಿಟ್ಟಿದೆ. ಅದರಲ್ಲಿ ಒಂದೇ ವಸ್ತುವನ್ನು, ಹೂಜಿಯೋ ಕುದುರೆಯೋ, ಹಿಡಿದುಕೊಂಡು ಬೇರೆ ಬೇರೆ ಕಾಲದವರು ಹೇಗೆ ಬರೆದಿದ್ದಾರೆ ಎಂದು ದಿನಕ್ಕೊಂದರಂತೆ ಕೈಯಲ್ಲಿ ನಕಲು ಮಾಡಿ. ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ, ಕೈಯಲ್ಲೇ ಮಾಡಬೇಕು.

ಪ್ರಶ್ನೆ: ನೀವು ಯಾವ ಟ್ಯಾಬ್ಲೆಟ್ ಬಳಸುತ್ತೀರಿ?

ಹೇಳುವುದಿಲ್ಲ. ಹೇಳಿದರೆ ನಾಳೆಯೇ ಅದನ್ನು ಕೊಳ್ಳುತ್ತೀರಿ, ನಿಮ್ಮ ಗೆರೆ ಇದ್ದಲ್ಲೇ ಇರುತ್ತದೆ.

ಪ್ರಶ್ನೆ: ಫೌಂಟನ್ ಪೆನ್ನಿಗೆ ಇಂಡಿಯನ್ ಇಂಕ್ ಹಾಕಬಹುದೇ?

ಬೇಡ. ಅದರಲ್ಲಿನ ಅರಗು ಒಣಗಿ ಪೆನ್ನಿನ ಗಂಟಲು ಕಟ್ಟುತ್ತದೆ. ಅದ್ದಿ ಬರೆಯುವ ನಿಬ್ಬಿಗೆ ಮಾತ್ರ.

ಪ್ರಶ್ನೆ: ಕುಂಚದ ತುದಿ ಚೂಪು ಮಾಡಲು ಬಾಯಲ್ಲಿಡುವ ಅಭ್ಯಾಸವಿದೆ. ಜಲವರ್ಣ ತಾನೇ, ತೊಂದರೆಯಿಲ್ಲವಲ್ಲ?

ತೊಂದರೆಯಿದೆ. ಕ್ಯಾಡ್ಮಿಯಂ ಹಳದಿ, ಕೋಬಾಲ್ಟ್ ನೀಲಿ ನೀರಿನಲ್ಲಿ ಕಲಸಿದರೂ ಕ್ಯಾಡ್ಮಿಯಂ, ಕೋಬಾಲ್ಟೇ. ತೊಳೆದ ಕುಂಚವನ್ನು ಬಟ್ಟೆಗೆ ಒತ್ತಿ, ತುದಿಯನ್ನು ಅಲ್ಲೇ ತಿರುಗಿಸಿ ಚೂಪು ಮಾಡಿಕೊಳ್ಳಿ. ಇವತ್ತಿನಿಂದಲೇ.