ಹಳೇ ಮದುವೆ ಕ್ಯಾಸೆಟ್ ಕಂಪ್ಯೂಟರಿಗೆ ಹಾಕುವಾಗ ಬಣ್ಣ ಬರುತ್ತಿಲ್ಲ, ಧ್ವನಿ ಹಿಂದೆ ಬೀಳುತ್ತಿದೆ. ಏನು ಮಾಡಬೇಕು?

ಯುಎಸ್‌ಬಿ ಕ್ಯಾಪ್ಚರ್ ಕಾರ್ಡಿನಿಂದ (ವಿಸಿಆರ್ ಚಿತ್ರವನ್ನು ಕಂಪ್ಯೂಟರಿಗೆ ತರುವ ಸಾಧನ) ಒಬಿಎಸ್‌ಗೆ (ರೆಕಾರ್ಡ್ ಮಾಡುವ ಸಾಫ್ಟ್‌ವೇರ್) ತರುವಾಗ ಬಣ್ಣ ಹೋದರೆ ಮೊದಲು ವಿಡಿಯೊ ಫಾರ್ಮ್ಯಾಟ್ ನೋಡಿ. ಎಷ್ಟೋ ಸಲ ಅಲ್ಲಿ ಎನ್‌ಟಿಎಸ್‌ಸಿ, ಅಂದರೆ ಅಮೆರಿಕದ ಟಿವಿ ಪದ್ಧತಿ ಇರುತ್ತದೆ. ಹುಬ್ಬಳ್ಳಿ-ಧಾರವಾಡದ ಕಡೆ ಮದುವೆಗೆ ತೆಗೆಸಿದ ವಿಎಚ್‌ಎಸ್ ಕ್ಯಾಸೆಟ್ ಸಾಮಾನ್ಯವಾಗಿ ಪಾಲ್, ಅಂದರೆ ಭಾರತದ ಟಿವಿ ಪದ್ಧತಿಯದು. ಪಾಲ್-ಬಿ ಆರಿಸಿ, ಚಿತ್ರದ ಅಳತೆ 720×576, ಸೆಕೆಂಡಿಗೆ 25 ಫ್ರೇಮ್ ಇಡಿ. ಹಳದಿ ವೈರ್ ಚುಚ್ಚಿದ್ದರೆ ಇನ್‌ಪುಟ್ ಕಾಂಪೊಸಿಟ್ ಇರಲಿ.

ಧ್ವನಿಯ ತೊಂದರೆ ಬೇರೆ. ಟೇಪಿನ ಸಿಗ್ನಲ್ ಅಲುಗಿದಾಗ ಕಾರ್ಡ್ ಕೆಲವು ಫ್ರೇಮ್ (ಚಿತ್ರ) ಬಿಟ್ಟುಬಿಡುತ್ತದೆ, ಧ್ವನಿ ಮಾತ್ರ ಪೂರ್ತಿ ದಾಖಲಾಗುತ್ತದೆ. ಹಾಗಾಗಿ ತಾಳಿ ಕಟ್ಟಿ ಮುಗಿದ ಮೇಲೆ ಗಟ್ಟಿಮೇಳ ಕೇಳಿಸುತ್ತದೆ. ಯುಎಸ್‌ಬಿ ಹಬ್ ಬಿಟ್ಟು ಕಾರ್ಡನ್ನು ಕಂಪ್ಯೂಟರಿನ ಹಿಂಬದಿ ಪೋರ್ಟಿಗೇ ಚುಚ್ಚಿ, ಆಡಿಯೊ 48 ಕಿಲೋಹರ್ಟ್ಸ್ ಇಡಿ, ಚಿತ್ರ ಅಲುಗದಂತೆ ವಿಸಿಆರ್‌ನ ಟ್ರ್ಯಾಕಿಂಗ್ ಸರಿಮಾಡಿ. ಬೂಷ್ಟು ಹಿಡಿದ ಕ್ಯಾಸೆಟ್ ಮಾತ್ರ ಸ್ವಚ್ಛ ಮಾಡಿಸದೆ ಹಾಕಲೇಬೇಡಿ. ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.