ಫಾಲೀಸ್ ಕಲಾವಿದೆಯರ ಬದುಕು ನಿಜಕ್ಕೂ ಅಷ್ಟು ವೈಭವದ್ದಾಗಿತ್ತಾ?

ಪ್ರಶ್ನೆ: ನೂರು ವರ್ಷ ಹಿಂದಿನ ನ್ಯೂಯಾರ್ಕ್‌ನ ‘ಜಿಗ್‌ಫೆಲ್ಡ್ ಫಾಲೀಸ್’ ಕಲಾವಿದೆಯರ ಫೋಟೊಗಳನ್ನು ನೋಡಿದೆ. ತಲೆ ಮೇಲೆ ಗರಿಗಳ ಕಿರೀಟ, ಮೈತುಂಬಾ ಮುತ್ತು. ಅವರ ಬದುಕೂ ಹಾಗೇ ಇತ್ತಾ? ಷೋ ಬಿಟ್ಟ ಮೇಲೆ ಏನಾದರು?

ಉತ್ತರ: ಆ ವೈಭವ ವೇದಿಕೆಯದು. ಬದುಕು ಬೇರೆಯೇ ಇತ್ತು.

ನಿರ್ಮಾಪಕ ಫ್ಲೊರೆನ್ಸ್ ಜಿಗ್‌ಫೆಲ್ಡ್ 1907ರಲ್ಲಿ ಫಾಲೀಸ್ ಶುರು ಮಾಡಿದರು. ಒಂದೇ ಕಥೆ ಇಲ್ಲದೆ ಹಾಡು, ಕುಣಿತ, ಹಾಸ್ಯ ಎಲ್ಲ ಸೇರಿಸಿ ಕಟ್ಟುವ ಇಂಥ ಷೋಗೆ ರೆವ್ಯೂ ಎನ್ನುತ್ತಾರೆ. ನೀವು ನೋಡಿದ ಗರಿ ಕಿರೀಟದವರು ಬಹುಶಃ ಕುಣಿಯುತ್ತಲೇ ಇರಲಿಲ್ಲ. ಎತ್ತರದ ‘ಷೋಗರ್ಲ್’ಗಳ ಕೆಲಸವೆಂದರೆ ಭಾರದ ಉಡುಪು ಹೊತ್ತು, ಮೆಟ್ಟಿಲ ಮೇಲಿಂದ ನಿಧಾನವಾಗಿ ಇಳಿದು ಬರುವುದು. ಕುಣಿಯುವವರ ತಂಡ ಬೇರೆ.

ಆ ಕಾಲದ ಬ್ರಾಡ್‌ವೇಯಲ್ಲಿ, ಅಂದರೆ ನ್ಯೂಯಾರ್ಕ್‌ನ ರಂಗಭೂಮಿಯಲ್ಲಿ, ತಾಲೀಮಿಗೆ ಸಂಬಳವೇ ಇರಲಿಲ್ಲ. ವಾರಗಟ್ಟಲೆ ಸುಮ್ನೆ ದುಡಿಯಬೇಕಿತ್ತು. ಎಷ್ಟೋ ಕಂಪನಿಗಳಲ್ಲಿ ಬೂಟು, ಕಾಲುಚೀಲ ಕೂಡ ಕೋರಸ್ (ಗುಂಪಾಗಿ ಹಾಡಿ ಕುಣಿಯುವ) ಹುಡುಗಿಯರೇ ಕೊಳ್ಳಬೇಕು. ಷೋ ಓಡದಿದ್ದರೆ ಎಲ್ಲವೂ ನಷ್ಟ. ಇದು ಶುದ್ಧ ಅನ್ಯಾಯ, ಅಲ್ವಾ?

ಅದಕ್ಕೇ 1919ರ ಆಗಸ್ಟ್‌ನಲ್ಲಿ ಕಲಾವಿದರ ಸಂಘ ‘ಆ್ಯಕ್ಟರ್ಸ್ ಈಕ್ವಿಟಿ’ ಮುಷ್ಕರ ಹೂಡಿತು. ಕೋರಸ್‌ನವರೂ ನಟಿ ಮಾರಿ ಡ್ರೆಸ್ಲರ್ ಅವರ ಮುಂದಾಳುತನದಲ್ಲಿ ತಮ್ಮದೇ ಸಂಘ ಕಟ್ಟಿ ಬೀದಿಗಿಳಿದರು. ಫಾಲೀಸ್‌ನ ದೊಡ್ಡ ಹಾಸ್ಯನಟ ಎಡ್ಡಿ ಕ್ಯಾಂಟರ್ ಕೂಡ ಅವರ ಜೊತೆ ನಿಂತರು. ಫಾಲೀಸ್ ಷೋ ನಿಂತಿತು. ಸುಮಾರು ಒಂದು ತಿಂಗಳಲ್ಲಿ ಮಾಲೀಕರು ಸಂಘವನ್ನು ಒಪ್ಪಿಕೊಂಡರು. ಹಾಗಂತ ತಾಲೀಮಿಗೆ ಸಂಬಳ ಆಗಲೂ ಬರಲಿಲ್ಲ. ಅದಕ್ಕೆ 1930ರ ದಶಕದವರೆಗೆ ಕಾಯಬೇಕಾಯಿತು. ಇವರ ಬಗ್ಗೆ ಬರೆಯುವವರು ಪ್ರೇಮ ಪ್ರಕರಣಗಳನ್ನೇ ಜಾಸ್ತಿ ಹೇಳುತ್ತಾರೆ. ನನಗೆ ಈ ಮುಷ್ಕರವೇ ಅವರ ದೊಡ್ಡ ಕಥೆ ಅನ್ನಿಸುತ್ತದೆ.

ಷೋ ಬಿಟ್ಟ ಮೇಲಿನ ದಾರಿ ಒಬ್ಬೊಬ್ಬರದು ಒಂದೊಂದು. ಆಲಿವ್ ಥಾಮಸ್ ಸಿನಿಮಾಕ್ಕೆ ಹೋಗಿ ಹೆಸರು ಮಾಡಿದರು. 1920ರಲ್ಲಿ ಪ್ಯಾರಿಸ್‌ನಲ್ಲಿ ಪಾದರಸದ ವಿಷದಿಂದ ತೀರಿಕೊಂಡರು, ಆಗ ಅವರಿಗೆ ಬರೀ 25 ವರ್ಷ. ಕೋರಸ್‌ನಲ್ಲಿ ಕುಣಿಯುತ್ತಿದ್ದ ರೂಬಿ ಸ್ಟೀವನ್ಸ್ ಮುಂದೆ ಹಾಲಿವುಡ್ ತಾರೆ ಬಾರ್ಬರಾ ಸ್ಟ್ಯಾನ್‌ವಿಕ್ ಆದರು. ಡೋರಿಸ್ ಈಟನ್ 1918ರಲ್ಲಿ ಸೇರಿದಾಗ ಅವರಿಗೆ 14 ವರ್ಷ. ಬಾಲಕಾರ್ಮಿಕ ಕಾನೂನಿನ ಕಣ್ಣು ತಪ್ಪಿಸಲು ಬೇರೆ ಹೆಸರಿಟ್ಟುಕೊಂಡು ಕುಣಿದರು. ಮುಂದೆ ಮಿಷಿಗನ್‌ನಲ್ಲಿ ನೃತ್ಯ ಶಾಲೆಗಳನ್ನು ನಡೆಸಿದರು, ಒಕ್ಲಹೋಮದಲ್ಲಿ ಕುದುರೆ ಸಾಕಿದರು, 88ನೇ ವಯಸ್ಸಿನಲ್ಲಿ ಪದವಿ ಪಡೆದರು. 2010ರಲ್ಲಿ ತೀರಿಕೊಂಡಾಗ ಅವರಿಗೆ 106 ವರ್ಷ.

ನೀವು ಕಲಾವಿದೆಯರ ಬಗ್ಗೆ ಮಾತ್ರ ಕೇಳಿದ್ದೀರಿ. ಆದರೂ ಬರ್ಟ್ ವಿಲಿಯಮ್ಸ್ ಹೆಸರು ಹೇಳದೆ ಮುಗಿಸಲು ಮನಸ್ಸಾಗದು. ಬಹಾಮಾಸ್‌ನಲ್ಲಿ ಹುಟ್ಟಿದ ಈ ಕಪ್ಪು ಕಲಾವಿದ 1910ರಲ್ಲಿ ಫಾಲೀಸ್ ಸೇರಿದರು. ತಿಳಿ ಮೈಬಣ್ಣದ ಅವರು ಸುಟ್ಟ ಬೆಂಡಿನ ಮಸಿ ಬಳಿದುಕೊಂಡು ವೇದಿಕೆ ಹತ್ತಬೇಕಿತ್ತು, ಏಕೆಂದರೆ ಬಿಳಿಯ ಪ್ರೇಕ್ಷಕರಿಗೆ ರೂಢಿಯಾಗಿದ್ದ ಹಾಸ್ಯದ ವೇಷ ಅದು. ಅಷ್ಟು ಜನಪ್ರಿಯರಾಗಿದ್ದರೂ ಹೊರಗೆ ಎಷ್ಟೋ ಹೋಟೆಲ್‌ಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. 1922ರಲ್ಲಿ, 47ನೇ ವಯಸ್ಸಿಗೇ ತೀರಿಕೊಂಡರು. ಅವರ ಧ್ವನಿಮುದ್ರಿಕೆಗಳು ಉಳಿದಿವೆ. ಫೋಟೊಗಳ ಜೊತೆ ಅವನ್ನೂ ಹುಡುಕಿ ಕೇಳಿ.